ಯಾವೂರ್ರೀ ನಿಮ್ದು?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಏನು ಮಾಡುತ್ತಾರೆ? ಚೀಲವನ್ನು ಕಾಲ ಬುಡಕ್ಕೆ ಸರಿಸಿಕೊಳ್ಳುತ್ತಾರೆ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಕಿಟಕಿಯ ಗಾಳಿ ಒಂದಿಷ್ಟು ಮೈಗೆ ತಾಗಿದ ಮೇಲೆ ಈ ಕಡೆ ತಿರುಗಿ ಕೇಳುತ್ತಾರೆ: “ಯಾವೂರ್ರೀ ನಿಮ್ದು?” ಹೆಸರೆಲ್ಲ ಆಮೇಲೆ. ಎಷ್ಟೋ ಸಲ ಇಳಿದು ಹೋಗುವವರೆಗೂ ಹೆಸರು ಕೇಳುವುದೇ ಇಲ್ಲ. ನರೇಗಲ್ ಅಂದಿರೋ, “ಹೌದ? ನಮ್ಮಕ್ಕನ್ನ ಅಲ್ಲೇ ಕೊಟ್ಟೀವಿ ನೋಡ್ರಿ” ಎಂದು ಮಾತು ಶುರುವಾಗಿ, ಬಸ್ಸು ನವಲೂರಿನ ಪೇರಲ ತೋಟ ದಾಟುವುದರೊಳಗೆ ನೀವು ಅವರಿಗೆ ಏನೋ ಒಂದು ಆಗಿಬಿಟ್ಟಿರುತ್ತೀರಿ.

ನಮ್ಮ ಅಜ್ಜಿಯೂ ಕಟ್ಟೆಯ ಮೇಲೆ ಬಂದು ಕೂತ ಯಾರನ್ನೂ ಈ ಪ್ರಶ್ನೆ ಕೇಳದೆ ಬಿಟ್ಟವಳಲ್ಲ. ಆದರೆ ಅವಳದೊಂದು ಕ್ರಮ ಇತ್ತು. ಮೊದಲು ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲದ ಚೂರು. ಕುಡಿದು ಉಸಿರು ಬಿಟ್ಟ ಮೇಲೆ ಊರು. ನಾವು ಹುಡುಗರು ಅವಸರ ಮಾಡಿ ಮೊದಲೇ ಕೇಳಿದರೆ ಗದರುತ್ತಿದ್ದಳು: “ನೀರಡಿಸಿದವಗ ಊರು ಇರೂದಿಲ್ಲೋ, ಸುಮ್ನಿರು.” ಇದನ್ನು ಬರೆದು ಮುಂದೆ ಹೋದರೆ ಅರ್ಧ ಮಾತು ಹೇಳಿದಂತಾಗುತ್ತದೆ. ಊರು ಕೇಳಿದ ಬೆನ್ನಿಗೆ “ಯಾವ ಮಂದಿ?” ಎಂಬ ಇನ್ನೊಂದು ಪ್ರಶ್ನೆಯೂ ಬರುತ್ತಿತ್ತು. ಆ ಉತ್ತರ ನೋಡಿಕೊಂಡು ತಂಬಿಗೆಯನ್ನು ಎತ್ತರದಿಂದ ಬೊಗಸೆಗೆ ಸುರಿದ ಮನೆಗಳಿದ್ದವು. ನಮ್ಮ ಮನೆಯೂ ಅದರಲ್ಲಿ ಒಂದು. ಅಜ್ಜಿಯ ಬೆಲ್ಲ ನೆನೆಯುವಾಗ ಅದನ್ನೂ ನೆನೆಯಬೇಕು.

ಈಗ್ಯಾಕೆ ಇದೆಲ್ಲ ಅಂದಿರಾ? 2025ರ ಬೇಸಿಗೆಗೆ ನಾವಿಬ್ಬರೂ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅಲ್ಲಿ ಟಿವಿ ಹಾಕಿದರೂ, ಪೇಪರ್ ಬಿಡಿಸಿದರೂ, ಬೀದಿಗೆ ಇಳಿದರೂ ಇದೇ ಪ್ರಶ್ನೆ. ಯಾರು ಯಾವ ಊರಿನವರು, ಎಷ್ಟು ವರ್ಷ ಇದ್ದರೆ ಈ ಊರಿನವರು, ಇನ್ನೆಷ್ಟು ಮಂದಿ ಬರಬೇಕು. ನಮ್ಮಲ್ಲಿ ಮಾತು ಶುರುಮಾಡುವ ಪ್ರಶ್ನೆ ಅಲ್ಲಿ ಮಾತು ಮುರಿಯುವ ಪ್ರಶ್ನೆಯಾಗಿದೆ. 2022ರ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಸಮಾರಂಭವೊಂದರಲ್ಲಿ ಅರಮನೆಯ ಹಿರಿಯ ಹೆಣ್ಣುಮಗಳೊಬ್ಬರು ಅತಿಥಿಯಾಗಿ ಬಂದಿದ್ದ ಕಪ್ಪುವರ್ಣದ ಹೆಣ್ಣುಮಗಳನ್ನು ಎಲ್ಲಿಯವರು ಎಂದು ಕೇಳಿದರು. ಅವರು ಹುಟ್ಟಿದ್ದು ಅದೇ ದೇಶದಲ್ಲಿ, ಹಾಗೇ ಹೇಳಿದರು. ಅಲ್ಲ, ನಿಜವಾಗಿ ಎಲ್ಲಿಯವರು ಎಂದು ಮತ್ತೆ ಕೇಳಿದರು, ಮತ್ತೂ ಕೇಳಿದರು. ಕೊನೆಗೆ ಕೇಳಿದವರು ಅರಮನೆಯ ಕೆಲಸ ಬಿಡಬೇಕಾಯಿತು, ಎದುರಿಗೆ ಕೂತು ಕ್ಷಮೆ ಕೇಳಿದರು. ಪ್ರಶ್ನೆ ಒಂದೇ, ನೋಡಿ. ಬಸ್ಸಿನಲ್ಲಿ ಕೇಳುವವನು ತನ್ನ ಅಕ್ಕನ ಊರು ಹುಡುಕುತ್ತಿರುತ್ತಾನೆ. ಅರಮನೆಯಲ್ಲಿ ಅದನ್ನು ಮೂರನೇ ಸಲ ಕೇಳಿದಾಗ, ಕೊಟ್ಟ ಉತ್ತರ ನಂಬುವಂಥದ್ದಲ್ಲ ಎಂದಂತಾಯಿತು.

ಅರಮನೆ ಅಂದಾಗ ನಮ್ಮ ಸೊಸೆ ರೊಟ್ಟಿ ತಟ್ಟುತ್ತಿದ್ದದ್ದು ನೆನಪಾಗುತ್ತದೆ. ಎರಡಕ್ಕೂ ಏನು ಸಂಬಂಧ? ಇದೆ, ಕೇಳಿ. ಅಲ್ಲಿ ಕಾಯಂ ನೆಲೆಸಲು ಒಂದು ಪರೀಕ್ಷೆ ಕಟ್ಟಬೇಕು. 45 ನಿಮಿಷ, 24 ಪ್ರಶ್ನೆ, 18 ಸರಿಯಾಗಬೇಕು. ಆ ದೇಶದ ಇತಿಹಾಸ, ರಾಜರು, ಹಬ್ಬ, ಕಾನೂನು ಎಲ್ಲ ತುಂಬಿದ ಪುಸ್ತಕವೊಂದನ್ನು ಓದಬೇಕು. ಸೊಸೆಗೆ ಓದಲು ಸಿಗುತ್ತಿದ್ದದ್ದು ಅಡಿಗೆಯ ಹೊತ್ತೊಂದೇ. ಪುಸ್ತಕವನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು, ಜೋಳದ ಹಿಟ್ಟು ನಾದಿಕೊಂಡು, ಎಂಟನೆಯ ಹೆನ್ರಿಯ ಆರು ಹೆಂಡಿರ ಹೆಸರನ್ನು ರೊಟ್ಟಿ ಬಡಿಯುವ ತಾಳಕ್ಕೆ ಹೇಳಿಕೊಳ್ಳುತ್ತಿದ್ದಳು. ಕ್ಯಾಥರೀನ್, ಆನ್, ಜೇನ್, ಆನ್, ಕ್ಯಾಥರೀನ್, ಕ್ಯಾಥರೀನ್. ಒಂದು ಸುತ್ತು ಹೆಸರಿಗೆ ರೊಟ್ಟಿ ಅಂಗೈ ಅಗಲ, ಎರಡು ಸುತ್ತಿಗೆ ಹಂಚಿನಗಲ. ಹಂಚಿನ ಮೇಲೆ ಉಬ್ಬಿದ ಕೂಡಲೇ ಹೊಗೆಯ ಗಂಟೆ ಕಿರುಚುತ್ತಿತ್ತು. ನನ್ನ ಹೆಂಡತಿ ಸೆರಗಿನಿಂದ ಗಾಳಿ ಹಾಕಲು ಓಡುತ್ತಿದ್ದಳು. “ಮಾಮಾ, ನಾಕನೇ ಹೆಂಡ್ತಿ ಯಾವೂರಾಕಿ ಹೇಳ್ರಿ” ಎಂದು ಸೊಸೆ ನನ್ನನ್ನೂ ಪರೀಕ್ಷೆಗೆ ಕೂರಿಸುತ್ತಿದ್ದಳು. ನಾಲ್ಕನೆಯವಳು ಜರ್ಮನಿಯ ಕ್ಲೀವ್ಸಿನವಳು. ಮೊದಲನೆಯವಳು ಸ್ಪೇನಿನವಳು. ಪುಸ್ತಕ ಓದುತ್ತ ಹೋದರೆ 1714ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಜಾರ್ಜ್ ಜರ್ಮನಿಯ ಹ್ಯಾನೋವರಿನವನು, ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ. ಈಗಿನ ರಾಜಮನೆತನಕ್ಕೆ ವಿಂಡ್ಸರ್ ಎಂಬ ಹೆಸರು ಬಂದದ್ದೇ 1917ರಲ್ಲಿ, ಜರ್ಮನಿಯ ಜೊತೆ ಯುದ್ಧ ನಡೆದಿದ್ದಾಗ. ಅಲ್ಲಿಯವರೆಗೆ ಇದ್ದದ್ದು ಜರ್ಮನ್ ಹೆಸರು. ಇನ್ನೂರು ವರ್ಷ ಸಿಂಹಾಸನದ ಮೇಲೆ ಕೂತ ಮನೆತನವೂ ಊರ ಹೆಸರು ಹಾಕಿಕೊಂಡು ತೋರಿಸಬೇಕಾಯಿತು.

ಆ ಪುಸ್ತಕದ ಪಕ್ಕದಲ್ಲೇ, ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕ್ಯಾಲೆಂಡರು. ಐದು ವರ್ಷ ತುಂಬುವ ದಿನಕ್ಕೆ ಕೆಂಪು ಪೆನ್ನಿನ ಗುಂಡು ಸುತ್ತು. ಅಲ್ಲಿ ಕೆಲಸದ ವೀಸಾದ ಮೇಲಿರುವ ನಮ್ಮವರ ಬಾಯಲ್ಲಿ ಒಂದೇ ಮಾತು, ‘ಐಎಲ್ಆರ್ ಯಾವಾಗ?’ ಐದು ವರ್ಷ ಕಳೆದರೆ ಕಾಯಂ ಇರುವ ಪರವಾನಗಿ ಎಂಬುದು ಆಗಿನ ಲೆಕ್ಕ. 2025ರ ಮೇ 12ರಂದು ಸರ್ಕಾರ ಶ್ವೇತಪತ್ರ ಹೊರಡಿಸಿ ಆ ಐದನ್ನು ಹತ್ತು ಮಾಡುವ ಯೋಚನೆ ಇದೆ ಎಂದಿತು. ಇದು ಬಲಪಂಥದ ಸರ್ಕಾರವೂ ಅಲ್ಲ, ಲೇಬರ್ ಪಕ್ಷದ್ದು. ಪ್ರಧಾನಿ ಸ್ಟಾರ್ಮರ್ ಆ ದಿನ ದೇಶ ಅಪರಿಚಿತರ ದ್ವೀಪವಾದೀತು ಎಂಬರ್ಥದ ಮಾತಾಡಿದರು, ಮುಂದೆ ಆ ಮಾತಿಗೆ ವಿಷಾದಪಟ್ಟರು. ಹನ್ನೊಂದು ದಿನ ಮೊದಲಷ್ಟೇ ಸ್ಥಳೀಯ ಚುನಾವಣೆಯಾಗಿ, ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಬೇರೆಲ್ಲರಿಗಿಂತ ಹೆಚ್ಚು ಸೀಟು ಗೆದ್ದಿತ್ತು. 2024ರಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಶೇಕಡಾ 14ರಷ್ಟು ಮತ ಬಂದರೂ ಐದೇ ಸೀಟು ಪಡೆದಿದ್ದ ಪಕ್ಷ ಅದು. ಶ್ವೇತಪತ್ರ ಬಂದ ರಾತ್ರಿ ಮಗ ಊಟ ಮಾಡಲಿಲ್ಲ. “ಆಟ ಆಡೂವಾಗ ಗೆರಿ ಹಿಂದಕ್ಕ ಸರಿಸಿದ್ರ ಹೆಂಗಪ್ಪಾ?” ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಈ ಗೆರೆ ಸರಿಸುವ ಕೆಲಸ ಅಲ್ಲಿ ಹೊಸದೇನಲ್ಲ. 1968ರ ಕಥೆ ಹೇಳಬೇಕು. ಕೀನ್ಯಾದಲ್ಲಿದ್ದ ಭಾರತೀಯರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಅವರು ಬರಲು ಶುರುಮಾಡಿದ ಕೂಡಲೇ ಲಂಡನ್ನಿನಲ್ಲಿ ಮೂರೇ ದಿನದಲ್ಲಿ ಕಾನೂನು ಪಾಸು ಮಾಡಿ ಬಾಗಿಲು ಹಾಕಿದರು. ಅದೂ ಲೇಬರ್ ಸರ್ಕಾರವೇ. ಅಷ್ಟೂ ಸಾಲದೆಂದು ಆ ವರ್ಷದ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ಕನ್ಸರ್ವೇಟಿವ್ ಪಕ್ಷದ ಇನಾಕ್ ಪವೆಲ್ ಮಾಡಿದ ಭಾಷಣಕ್ಕೆ ‘ರಕ್ತದ ನದಿಗಳು’ ಎಂಬ ಹೆಸರೇ ಬಿತ್ತು. ಈ ಪವೆಲ್ ಸಾಮಾನ್ಯ ಮನುಷ್ಯರಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ಸಿಡ್ನಿಯಲ್ಲಿ ಗ್ರೀಕ್ ಪ್ರೊಫೆಸರ್ ಆಗಿದ್ದವರು. ಯುದ್ಧಕಾಲದಲ್ಲಿ ಭಾರತದಲ್ಲಿದ್ದರು, ಉರ್ದು ಕಲಿತರು, ಈ ದೇಶವನ್ನು ಎಷ್ಟು ಹಚ್ಚಿಕೊಂಡರೆಂದರೆ ಮುಂದೊಂದು ದಿನ ವೈಸರಾಯ್ ಆಗಬೇಕೆಂದು ಆಸೆಪಟ್ಟಿದ್ದರು. ನಮ್ಮ ಮನೆಗೆ ಬಂದು ಯಜಮಾನಿಕೆ ಮಾಡುವ ಕನಸು ಕಂಡವರೇ ನಾವು ಅವರ ಮನೆಗೆ ಬಂದಾಗ ನದಿ ಕೆಂಪಾದೀತೆಂದರು. 1960ರಿಂದ 63ರವರೆಗೆ ಅವರೇ ಆರೋಗ್ಯ ಮಂತ್ರಿ. ಆಗ ಅಲ್ಲಿಯ ಆಸ್ಪತ್ರೆಗಳಲ್ಲಿ ಹಗಲೂ ರಾತ್ರಿ ದುಡಿದವರಲ್ಲಿ ಭಾರತ, ಪಾಕಿಸ್ತಾನಗಳ ವೈದ್ಯರು ಸಾಕಷ್ಟು ಜನ.

ಆ ಭಾಷಣದಲ್ಲಿ ಒಬ್ಬ ವಿಧವೆ ಬರುತ್ತಾಳೆ. ತನ್ನ ಬೀದಿಯಲ್ಲಿ ಉಳಿದ ಕೊನೆಯ ಬಿಳಿಯ ಹೆಂಗಸು, ನೆರೆಯವರಿಂದ ನೊಂದವಳು. ಹೆಸರಿಲ್ಲ, ಬೀದಿಯ ಹೆಸರೂ ಇಲ್ಲ. ಪತ್ರಕರ್ತರು ಆಗ ಹುಡುಕಿಕೊಂಡು ಹೋದರೆ ಅವಳು ಸಿಗಲಿಲ್ಲ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಪವೆಲ್ಲರನ್ನು ಛಾಯಾ ಮಂತ್ರಿಮಂಡಲದಿಂದ ತೆಗೆದರು. ಆದರೆ ಲಂಡನ್ನಿನ ಬಂದರಿನ ಕೂಲಿಕಾರರು ಕೆಲಸ ಬಿಟ್ಟು ಪಾರ್ಲಿಮೆಂಟಿನವರೆಗೆ ಅವರ ಪರವಾಗಿ ನಡೆದು ಬಂದರು. ಹೆಸರು ಊರಿಲ್ಲದ ಒಬ್ಬ ಅಜ್ಜಿಯ ದುಃಖಕ್ಕೆ ಎಷ್ಟು ಕಾಲುಗಳು ಬಂದವು ನೋಡಿ!

ನಾಲ್ಕು ವರ್ಷಕ್ಕೆ ಉಗಾಂಡಾದ ಸರದಿ. 1972ರ ಆಗಸ್ಟಿನಲ್ಲಿ ಇದಿ ಅಮೀನ್ 90 ದಿನದಲ್ಲಿ ಏಷ್ಯಾದವರೆಲ್ಲ ಹೊರಡಿ ಎಂದಾಗ 27–28 ಸಾವಿರ ಮಂದಿ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರದ ಕೌನ್ಸಿಲು ಕಂಪಾಲಾದ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿತು: ಇಲ್ಲಿ ಮನೆಗಳಿಲ್ಲ, ಶಾಲೆಗಳು ತುಂಬಿವೆ, ದಯವಿಟ್ಟು ಬರಬೇಡಿ. ಅದನ್ನು ಓದಿಯೇ ಎಷ್ಟೋ ಮಂದಿಗೆ ಲೆಸ್ಟರ್ ಎಂಬ ಊರೊಂದಿದೆ ಎಂದು ತಿಳಿಯಿತು ಎನ್ನುತ್ತಾರೆ. ಇಂದು ಆ ಊರಿನ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ಭಾರತದ ಹೊರಗೆ ನಡೆಯುವ ಅತಿ ದೊಡ್ಡ ದೀಪಾವಳಿಗಳಲ್ಲಿ ಒಂದು.

ಮಗ ಒಂದು ಶನಿವಾರ ಅಲ್ಲಿಗೆ ಕರೆದುಕೊಂಡು ಹೋದ. ಸೀರೆ ಅಂಗಡಿಯ ಗಲ್ಲೆಯ ಮೇಲೆ ಎಪ್ಪತ್ತು ದಾಟಿದ ಗುಜರಾತಿ ತಾಯಿ. ನಮ್ಮ ಊರಿನ ರೂಢಿ ಬಿಡುತ್ತದೆಯೇ? ಹಿಂದಿಯಲ್ಲಿ ಕೇಳಿಯೇಬಿಟ್ಟೆ. ಅವರು ಬೆರಳು ಮಡಚಿ ಹೇಳಿದರು: ಅಜ್ಜನದು ಪೋರಬಂದರ್, ಅಪ್ಪನದು ಕಂಪಾಲಾ, ನನ್ನದು ಲೆಸ್ಟರ್. ಬಂದಾಗ ಹತ್ತೊಂಬತ್ತು ವರ್ಷ. ಅಂಗಡಿ, ಮನೆ, ಕಾರು ಎಲ್ಲ ಬಿಟ್ಟು ಇಡೀ ಮನೆಗೆ 50 ಪೌಂಡಿನಷ್ಟು ಹಣ ಹಿಡಿದು ಬಂದಿದ್ದರಂತೆ. ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ತೆಳು ಸೀರೆಯಲ್ಲಿ ನಡುಗುತ್ತಿದ್ದವರ ಹೆಗಲಿಗೆ ಸ್ವಯಂಸೇವಕಿಯೊಬ್ಬಳು ತನ್ನ ಕೈಯಾರೆ ಕೋಟು ಹೊದಿಸಿ, ಹಾಲು ಹಾಕಿದ ಬಿಸಿ ಚಹಾ ಕೊಟ್ಟು, ಕುಡಿದಾದ ಮೇಲೆ ಹೆಸರು ಕೇಳಿದಳಂತೆ. ನನಗೆ ಮೈ ಜುಮ್ಮೆಂದಿತು. ನಮ್ಮ ಅಜ್ಜಿಯ ಕ್ರಮ! ಐವತ್ತು ವರ್ಷದ ಮೇಲೂ ಆ ತಾಯಿ ಆ ಕೋಟಿನ ಬಣ್ಣ ಹೇಳಿದರು, ಕಡು ಹಸಿರು.

ಅದೇ ತಾಯಿ, ನನ್ನ ಹೆಂಡತಿಗೆ ಬಾಂಧನಿ ಸೀರೆ ಬಿಡಿಸಿ ತೋರಿಸುತ್ತ, ವೀಸಾ ಇಲ್ಲದೆ ರಬ್ಬರ್ ದೋಣಿಯಲ್ಲಿ ಸಮುದ್ರ ದಾಟಿ ಬರುವವರ ಮಾತು ತೆಗೆದರು. “ಸಾಕು ಇನ್ನ, ಜಾಗ ಎಲ್ಲಿದೆ?” ಅಂದರು. ನಾನು ಸುಮ್ಮನಾದೆ. ಅವರನ್ನು ಜರೆಯಲು ಮನಸ್ಸು ಬರಲಿಲ್ಲ, ಇವತ್ತೂ ಬರುವುದಿಲ್ಲ. ಸಾಲಿನಲ್ಲಿ ನಿಂತು, ಫಾರ್ಮು ತುಂಬಿ, ಅಂಗಡಿಯ ಗಾಜು ಒಡೆಸಿಕೊಂಡು, ಮತ್ತೆ ಹಾಕಿಸಿ ಗಳಿಸಿದ ಜಾಗ ಅದು. ಅದನ್ನು ಕಳೆದುಕೊಳ್ಳುವ ಭಯ ಅವರಿಗಿರದೆ ಇನ್ನಾರಿಗೆ?

ಆ ದೇಶದ ರಾಜಕಾರಣದಲ್ಲಿ ಈ ಭಯ ಮಂತ್ರಿಗಿರಿಯವರೆಗೂ ಏರಿದೆ. ಗೃಹಮಂತ್ರಿಯಾಗಿ ರುವಾಂಡಾಕ್ಕೆ ವಲಸಿಗರನ್ನು ಕಳಿಸುವ ಒಪ್ಪಂದ ಮಾಡಿದ ಪ್ರೀತಿ ಪಟೇಲರ ತಂದೆತಾಯಿ ಉಗಾಂಡಾದಿಂದ ಬಂದವರು. ಅವರ ನಂತರ ಬಂದ ಸುಯೆಲ್ಲಾ ಬ್ರೇವರ್ಮನ್ನರ ತಂದೆ ಕೀನ್ಯಾದಿಂದ, ತಾಯಿ ಮಾರಿಷಸ್‌ನಿಂದ. ದೋಣಿ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟ ಆಗಿನ ಪ್ರಧಾನಿ ರಿಷಿ ಸುನಕರ ತಂದೆ ಕೀನ್ಯಾದಲ್ಲಿ, ತಾಯಿ ಟಾಂಗನೀಕಾದಲ್ಲಿ ಹುಟ್ಟಿದವರು. ಸುನಕರಂತೂ ನಮಗೆ ಅಳಿಯನೇ ಆಗಬೇಕು, ಅವರ ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. 2022ರ ಅಕ್ಟೋಬರಿನಲ್ಲಿ ಸುನಕ್ ಪ್ರಧಾನಿಯಾದ ದಿನ ನಮ್ಮ ಓಣಿಯಲ್ಲಿ ಪೇಢೆ ಹಂಚಿದರು, ನಾನೂ ಎರಡು ತಿಂದೆ. ಆ ಸಂತೋಷ ಸುಳ್ಳಲ್ಲ. ಆದರೆ ನ್ಯಾಯಾಲಯ ಬೇಡವೆಂದರೂ ಹೊಸ ಕಾನೂನು ಮಾಡಿ ಜನರನ್ನು ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅರಿಯದ ದೇಶಕ್ಕೆ ಕಳಿಸಲು ಹೊರಟದ್ದನ್ನು ಕಂಡಾಗ ಆ ಪೇಢೆ ನೆನಪಾಗಿ ಸಂಕಟವಾಯಿತು. ಅಳಿಯನ ಮೇಲೆ ಮನೆಯವರಿಗೆ ಇಷ್ಟು ಸಲಿಗೆ ಇರಬೇಕು.

ನಮ್ಮ ಕಾಕಾನ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ಧಾರವಾಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಕಾಕಾ ಮುಂಬಯಿಗೆ ಕಾರಕೂನನಾಗಿ ಹೋದಾಗ ಅದು ಅವನದೇ ರಾಜ್ಯದ ರಾಜಧಾನಿ. 1956ರ ನವೆಂಬರ್ 1ರಂದು ಧಾರವಾಡ ಮೈಸೂರು ರಾಜ್ಯಕ್ಕೆ ಬಂತು. ಊರಲ್ಲಿ ನಾವು ಕನ್ನಡಿಗರೆಲ್ಲ ಒಂದಾದೆವೆಂದು ಹಿಗ್ಗಿದೆವು. ಮುಂಬಯಿಯ ಪರಳದ ಚಾಳಿನಲ್ಲಿದ್ದ ಕಾಕಾ ಮಾತ್ರ ಕೂತಲ್ಲಿಂದ ಒಂದು ಗೇಣು ಸರಿಯದೆ ಪರ ರಾಜ್ಯದವನಾದ. ಹತ್ತು ವರ್ಷಕ್ಕೆ, 1966ರಲ್ಲಿ, ಶಿವಸೇನೆ ಹುಟ್ಟಿತು. ಕೆಲಸ ಕಸಿದವರು ತೆಂಕಣದವರು ಎಂಬ ಕೂಗೆದ್ದಿತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. ಕಾಕಾ ದೋತರ ಬಿಟ್ಟು ಪ್ಯಾಂಟು ತೊಟ್ಟು ಆಫೀಸಿಗೆ ಹೋಗತೊಡಗಿದ್ದು ಆಗಲೇ. ಗಿರಣಿಗಳಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಮರಾಠಿ ಹುಡುಗರ ಬಗ್ಗೆ ಅವನು ಒಂದೂ ಕೆಟ್ಟ ಮಾತಾಡಿದ್ದನ್ನು ನಾನು ಕೇಳಲಿಲ್ಲ. “ಅವರ ಹೊಟ್ಟಿ ಖರೇನ ಹಸದಿತ್ತು. ಆದ್ರ ನನ್ನ ಡಬ್ಬ್ಯಾಗ ಇದ್ದದ್ದು ಎರಡ ಭಕ್ಕರಿ” ಎನ್ನುತ್ತಿದ್ದ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಕನ್ನಡದಲ್ಲಿ ಕೇಳಿ ಉತ್ತರ ಬಾರದಿದ್ದಾಗ ನನಗೂ ಎದೆಯಲ್ಲಿ ಚುಳ್ಳೆನ್ನುತ್ತದೆ. ಆ ನೋವನ್ನು ನಾನು ಬಚ್ಚಿಡುವುದಿಲ್ಲ. ಹಾಗಾಗಿಯೇ ಲಿಂಕನ್‌ಶೈರಿನ ಬಾಸ್ಟನ್ನಿನಂಥ ಊರು ನನಗೆ ಅರ್ಥವಾಗುತ್ತದೆ. ಕೋಸು, ಹೂಕೋಸು ಬೆಳೆಯುವ ಹೊಲಗಳ ಊರು. 2004ರಲ್ಲಿ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಯುರೋಪಿನ ಒಕ್ಕೂಟಕ್ಕೆ ಸೇರಿದ ಮೇಲೆ ಕೊಯ್ಲಿನ ಕೆಲಸಕ್ಕೆ ಅಲ್ಲಿಯವರು ಬಂದರು. ಕೆಲವೇ ವರ್ಷದಲ್ಲಿ ಬೀದಿಯ ಬೋರ್ಡುಗಳ ಭಾಷೆ ಬದಲಾಯಿತು, ಮನೆ ಬಾಡಿಗೆ ಏರಿತು, ಡಾಕ್ಟರ ಹತ್ತಿರ ಸರದಿ ಉದ್ದವಾಯಿತು. 2016ರ ಜನಮತದಲ್ಲಿ ಆ ಊರಿನಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ಒಕ್ಕೂಟ ಬಿಡೋಣವೆಂದರು, ದೇಶದಲ್ಲೇ ಅತಿ ಹೆಚ್ಚು. ಅವರನ್ನು ದಡ್ಡರೆಂದವರ ಮೇಲೆ ನನಗೆ ಸಿಟ್ಟಿದೆ. ಬಾಡಿಗೆ ಏರಿದ್ದು ನಿಜ, ಸರದಿ ನಿಜ. ಆದರೆ ಮನೆ ಕಟ್ಟದವರು ಯಾರು, ಆಸ್ಪತ್ರೆಗೆ ಹಣ ಕೊಡದವರು ಯಾರು, ಕಡಿಮೆ ಕೂಲಿಗೆ ಜನ ತರಿಸಿದವರು ಯಾರು? ಅದನ್ನು ಕೇಳಬೇಕಾದ ಬಾಯಿಗಳನ್ನೆಲ್ಲ ಕೋಸು ಕೊಯ್ಯುವವನ ಕಡೆ ತಿರುಗಿಸಿದ ರಾಜಕಾರಣ ತಪ್ಪು ಮಾಡಿತು ಎಂದೇ ನಾನು ನಂಬಿದ್ದೇನೆ.

ಒಕ್ಕೂಟ ಬಿಟ್ಟ ಮೇಲೆ ಬರುವವರ ಸಂಖ್ಯೆ ಇಳಿಯಿತೇ? 2010ರಲ್ಲಿ, ಆ ವರ್ಷ ಪ್ರಧಾನಿಯಾದ ಕ್ಯಾಮರನ್, ವರ್ಷಕ್ಕೆ ಲಕ್ಷದೊಳಗೆ ತರುತ್ತೇನೆ ಎಂದಿದ್ದರು. 2023ರ ಹೊತ್ತಿಗೆ ಹೋದವರನ್ನು ಕಳೆದು ಉಳಿದವರು ವರ್ಷಕ್ಕೆ 9 ಲಕ್ಷ ದಾಟಿದರು. ವಿದ್ಯಾರ್ಥಿಗಳು, ಮುದುಕರನ್ನು ನೋಡಿಕೊಳ್ಳುವವರು, ನರ್ಸುಗಳು, ಯುಕ್ರೇನ್ ಮತ್ತು ಹಾಂಗ್‌ಕಾಂಗಿನಿಂದ ಬಂದವರು, ಎಲ್ಲರಿಗೂ ಸರ್ಕಾರವೇ ವೀಸಾದ ಠಸ್ಸೆ ಒತ್ತಿದ್ದು. ದೋಣಿಯಲ್ಲಿ ಬಂದವರು ಅತಿ ಹೆಚ್ಚಾಗಿದ್ದ 2022ರಲ್ಲೂ 45 ಸಾವಿರ ಚಿಲ್ಲರೆ. ಠಸ್ಸೆ ಟಿವಿಯಲ್ಲಿ ಕಾಣುವುದಿಲ್ಲ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಅಲೆಯ ಮೇಲೆ ತೂಗುವ ಜನ ಕಾಣುತ್ತಾರೆ. ಅವರಿಗೂ ಪವೆಲ್ಲರ ಅಜ್ಜಿಯ ಹಾಗೆ ಹೆಸರಿಲ್ಲ, ಊರಿಲ್ಲ.

ಹೆಸರಿಲ್ಲದವರ ಮೇಲೆ ಏನನ್ನೂ ಹೊರಿಸಬಹುದು. 2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಮೂರು ಎಳೆಯ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದವನೆಂದು ಸುದ್ದಿ ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಆದರೂ ಆ ಊರಿನ ಮಸೀದಿಯ ಗೋಡೆ ಕಿತ್ತು ಇಟ್ಟಿಗೆ ತೂರಿದರು. ಮರುದಿನ ಬೆಳಿಗ್ಗೆ ಊರಿನ ಗೌಂಡಿಗಳು ಕರಣೆ, ಸಿಮೆಂಟು ತಂದು ಆ ಗೋಡೆಯನ್ನು ಮತ್ತೆ ಕಟ್ಟಿಕೊಟ್ಟರು. ನಾನು ಆ ದೇಶದ ಬಗ್ಗೆ ಬೇಸರ ಮಾಡಿಕೊಂಡಾಗಲೆಲ್ಲ ಆ ಕರಣೆಗಳನ್ನು ನೆನೆಯುತ್ತೇನೆ.

ಲಂಡನ್ನಿಗೆ ಹೋದ ದಿನ ಥೇಮ್ಸ್ ದಂಡೆಯ ಬಸವಣ್ಣನವರ ಮೂರ್ತಿಗೂ ಹೋದೆವು. 2015ರ ನವೆಂಬರಿನಲ್ಲಿ ಅನಾವರಣವಾದದ್ದು. ನದಿಯ ಆಚೆ ಪಾರ್ಲಿಮೆಂಟು. ಯಾರವನು ಎಂದು ಕೇಳದೆ ನಮ್ಮವನೆನ್ನಿ ಎಂಬ ಅರ್ಥದ ವಚನ ಬರೆದವರು ಅಲ್ಲಿ ನಿಂತಿದ್ದಾರೆ. ತಂಬಿಗೆ ಎತ್ತರಕ್ಕೆ ಹಿಡಿದ ಮನೆಯವನು ನಾನು ಅಲ್ಲಿ ಬಹಳ ಹೊತ್ತು ನಿಂತೆ.

ಇನ್ನು ಪಕ್ಕದ ಮನೆಯ ಹಿರಿಯರು. ಅವರನ್ನು ಕೊನೆಗೆ ಇಟ್ಟುಕೊಂಡದ್ದಲ್ಲ, ಮಾತು ಸುತ್ತಿ ಸುತ್ತಿ ಅಲ್ಲಿಗೆ ಬರಲು ಇಷ್ಟು ಹೊತ್ತಾಯಿತು. ಎಂಬತ್ತರ ಹತ್ತಿರದ ಒಂಟಿ ಜೀವ, ರೈಲ್ವೆಯಲ್ಲಿ ದುಡಿದವರು. 2016ರಲ್ಲಿ ಬಿಡೋಣ ಎಂದು ಮತ ಹಾಕಿದವರು, ಈಗ ಫರಾಜ್ ಪಕ್ಷದವರು, ಮುಚ್ಚುಮರೆಯಿಲ್ಲ. 2025ರ ಆಗಸ್ಟಿನಲ್ಲಿ ದೀಪದ ಕಂಬಗಳಿಗೆಲ್ಲ ಬಿಳಿಯ ಮೇಲೆ ಕೆಂಪು ಶಿಲುಬೆಯ ಇಂಗ್ಲೆಂಡಿನ ಬಾವುಟ ಕಟ್ಟಿದಾಗ ಅವರೂ ತಮ್ಮ ಕಿಟಕಿಗೆ ಒಂದು ಕಟ್ಟಿದರು. ಸೊಸೆಗೆ ಒಂದು ವಾರ ಅಳುಕು. ಆದರೆ ಯಾವ ವಾರ ಕಸದ ಯಾವ ಡಬ್ಬಿ ಹೊರಗಿಡಬೇಕೆಂದು ಮರೆತಾಗ ನಮ್ಮದನ್ನೂ ಎಳೆದು ಬೀದಿಗಿಡುವವರು ಅವರೇ. ಹೊಗೆಯ ಗಂಟೆ ಹೊಡೆದರೆ ಬೇಲಿಯಾಚೆಯಿಂದ ರೊಟ್ಟಿಯೋ ಎಂದು ಕೂಗಿ ಕೇಳುವವರು ಅವರೇ. ಸೊಸೆಯ ಪರೀಕ್ಷೆಯ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದವರೂ ಅವರೇ.

ಒಂದು ಸಂಜೆ ಮಗ ಐದು ವರ್ಷ ಹತ್ತಾಗುವ ಸಂಕಟ ಹೇಳಿಕೊಂಡ. ಹಿರಿಯರು ಗಾಬರಿಯಾದರು. ಛೇ, ನಿಮ್ಮನ್ನಲ್ಲ ನಾವು ಹೇಳುವುದು, ನಿಮ್ಮಂಥವರನ್ನಲ್ಲ ಎಂದರು. ಮನಸ್ಸಿನಿಂದಲೇ ಅಂದರು, ಕಣ್ಣು ತೇವವಾಗಿತ್ತು. ನಾನು ಆ ರಾತ್ರಿ ಮಲಗಿ ಯೋಚಿಸಿದೆ. ಆ ಬೀದಿಯ ಪ್ರತಿ ಮನೆಯವರಿಗೂ ಹೀಗೆ ‘ನಿಮ್ಮನ್ನಲ್ಲ’ ಎನ್ನಲು ಒಬ್ಬ ಪೋಲೆಂಡಿನವನು, ಒಬ್ಬ ಮಲಯಾಳಿ ನರ್ಸು, ಒಬ್ಬ ಸಿರಿಯಾದ ಕ್ಷೌರಿಕ ಇದ್ದಾನೆ. ಕುಡಿಯಲು ಕೊಟ್ಟು ಯಾರ ಊರು ಕೇಳಿದರೋ ಅವರೆಲ್ಲ ಒಬ್ಬೊಬ್ಬರಾಗಿ ಆ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಹಾಗಾದರೆ ಬಾವುಟ ಕಟ್ಟಿದ್ದು ಯಾರ ಮೇಲೆ? ಆದರೂ ನಿಯಮದ ಮಾತು ಬಂದಾಗ ಅದು ನಮ್ಮ ಫ್ರಿಜ್ಜಿನ ಮೇಲಿನ ಕೆಂಪು ಸುತ್ತಿಗೇ ಬಂತು.

ಹಿರಿಯರ ಹಿತ್ತಲಲ್ಲಿ ಕೋಲು ನೆಟ್ಟು ಹಬ್ಬಿಸಿದ ರನ್ನರ್ ಬೀನ್ಸಿನ ಬಳ್ಳಿ, ಕುಂಕುಮದಂಥ ಕೆಂಪು ಹೂ. ಆ ಕಾಯಿ ಇಂಗ್ಲೆಂಡಿನ ಹಿತ್ತಲುಗಳ ಹೆಮ್ಮೆ, ಅದರ ತವರು ಮೆಕ್ಸಿಕೋ ಕಡೆ. ಒಂದು ಬುಟ್ಟಿ ಕಿತ್ತು ತಂದುಕೊಟ್ಟರು. ನನ್ನ ಹೆಂಡತಿ ನಾರು ತೆಗೆದು, ಸಣ್ಣಗೆ ಹೆಚ್ಚಿ, ಸಾಸಿವೆ ಸಿಡಿಸಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದಳು. ಮರುದಿನ ಡಬ್ಬಿ ತೊಳೆದು ಮರಳಿಸಿದರು. ತೆರೆದರೆ ಒಳಗೆ ಬ್ಲ್ಯಾಕ್‌ಬೆರಿ. “ಅವ್ವ ಹೇಳ್ತಿದ್ಳು, ನೆರೆಮನಿ ಪಾತ್ರಿ ಬರಿದ ಕೊಡಬಾರ್ದಂತ” ಎಂದು ಅವರಂದದ್ದನ್ನು ಮಗ ಕನ್ನಡಕ್ಕೆ ತಂದು ಹೇಳಿದಾಗ ನನ್ನ ಹೆಂಡತಿ ಒಲೆ ಬಿಟ್ಟು ಎದ್ದು ಬಂದಳು. ಅಂದಿನಿಂದ ಆ ಡಬ್ಬಿ ಬೇಲಿಯ ಮೇಲೆ ಓಡಾಡಿತು. ಚಟ್ನಿ ಹೋಯಿತು, ಸೇಬು ಬಂತು. ಶೇಂಗಾ ಹೋಳಿಗೆ ಹೋಯಿತು, ಕೇಕಿನ ತುಂಡು ಬಂತು. ನಾವು ಊರಿಗೆ ಹೊರಟ ಬೆಳಿಗ್ಗೆ ಹೆಂಡತಿ ಪಾತ್ರೆಗಳನ್ನೆಲ್ಲ ಎಣಿಸಿದಳು. ಡಬ್ಬಿ ಅವರ ಮನೆಯಲ್ಲೇ ಇತ್ತು.